ಶುಶ್ರೂಷೆಯೆಂಬ ಕಾಯಕ

ಕಳೆದ ಶ್ರಾವಣಮಾಸದಲ್ಲಿ ಕುಣಿಗಲ್ ಸೀಮೆಯ ಗ್ರಾಮವೊಂದಕ್ಕೆ ಪ್ರವಚನದ ನಿಮಿತ್ತ ಹೋಗಿದ್ದೆನು. ಎಡೆಯೂರಿನ ಶ್ರೀ ಸಿದ್ಧಲಿಂಗೇಶ್ವರರ ಗದ್ದುಗೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಊರು ಅದು. ಅಂದಿನ ವಿಷಯ ದಾಸೋಹ. ಪ್ರವಚನ ಮುಗಿದು ಜನರು ಪ್ರಸಾದಕ್ಕೆ ಏಳುತ್ತಿದ್ದಾಗ, ಕಂಬದ ಮರೆಯಲ್ಲಿ ಕಾದುನಿಂತಿದ್ದ ತಾಯಿಯೊಬ್ಬರು ಸಂಕೋಚದಿಂದ ಹತ್ತಿರ ಬಂದರು. ನಲವತ್ತೈದರ ಆಸುಪಾಸಿನ ವಯಸ್ಸು. ಅವರು ಕೇಳಿದ ಪ್ರಶ್ನೆ ಇದು:

"ಮೇಷ್ಟ್ರೇ, ನಮ್ಮ ಅತ್ತೆಯವರು ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಬೆಳಗಾಗೆದ್ದು ಅವರ ಬಟ್ಟೆ ಬದಲಾಯಿಸಿ, ಮೈಯೊರೆಸಿ, ಗಂಜಿ ಕುಡಿಸುವಷ್ಟರಲ್ಲಿ ಹೊತ್ತೇರಿರುತ್ತದೆ. ಪೂಜೆಗೆ ಕೂತರೆ ಆಗಲೇ ಕೂಗುತ್ತಾರೆ. ಎಷ್ಟೋ ದಿನ ವಿಭೂತಿ ಧರಿಸಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದುಬಿಡುತ್ತೇನೆ. ಅದೂ ಆ ಕೆಲಸ ಮಾಡಿದ ಕೈಯಲ್ಲಿ. ನನಗೆ ದೋಷ ಬರುತ್ತದೆಯೇ?"

"ದೋಷವೇನೂ ಇಲ್ಲ ತಾಯಿ" ಎಂದೆನು. ಬಳಿಕ ಮಾತಿಗೆಂದು, "ಯಜಮಾನರು ಮನೆಯಲ್ಲಿ ಇರುವುದಿಲ್ಲವೆ?" ಎಂದು ಕೇಳಿದೆನು. ಆಕೆ ಹೆಮ್ಮೆಯಿಂದಲೇ ಹೇಳಿದರು: "ಇರುತ್ತಾರೆ ಮೇಷ್ಟ್ರೇ. ಅವರು ಒಂದು ದಿನವೂ ಪೂಜೆ ತಪ್ಪಿಸುವುದಿಲ್ಲ. ಬೆಳಿಗ್ಗೆ ಒಂದು ಗಂಟೆ ಕೂರುತ್ತಾರೆ."

ಆ ತಾಯಿ ಕೇಳಿದ್ದು ಒಂದು ಪ್ರಶ್ನೆ. ತಿಳಿಯದೆ ಎತ್ತಿಕೊಟ್ಟದ್ದು ಎರಡು. ತನ್ನ ಅತ್ತೆಯ ಸೇವೆಗಾಗಿ ಪೂಜೆಯನ್ನು ಮೊಟಕುಗೊಳಿಸಿದವಳಿಗೆ ದೋಷವುಂಟೆ ಎಂಬುದು ಮೊದಲನೆಯದು. ತನ್ನ ಹೆತ್ತ ತಾಯಿಯು ಒಳಮನೆಯಲ್ಲಿ ಕೂಗುತ್ತಿರಲು ಹೊರಗೆ ನಿರಾತಂಕವಾಗಿ ಸಾಗುವ ಪೂಜೆಯ ಗತಿಯೇನು ಎಂಬುದು ಎರಡನೆಯದು. ಮೊದಲನೆಯದಕ್ಕೆ ಶರಣರು ಉತ್ತರವಿತ್ತಿದ್ದಾರೆ. ಎರಡನೆಯದನ್ನು ನಾವು ಗೃಹಸ್ಥರು ಕೇಳಿಕೊಳ್ಳಲು ಹೆದರುತ್ತೇವೆ. ಎರಡನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆ ಕೈಯ ಮಾತು. ಮಲಮೂತ್ರಗಳನ್ನು ಎತ್ತಿದ ಕೈ ಲಿಂಗವನ್ನು ಹಿಡಿಯಬಹುದೆ? ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗಿಲ್ಲವೆಂದು ಸಾರಿದುದು ನಮ್ಮ ಧರ್ಮ. ಹುಟ್ಟು ಸಾವುಗಳ ಸೂತಕವನ್ನೇ ಒಪ್ಪದ ಧರ್ಮವು, ಹುಟ್ಟು ಸಾವುಗಳ ನಡುವೆ ಮುದಿದೇಹವು ಪಡುವ ಪಾಡಿಗೆ ಸೂತಕವನ್ನು ಹಚ್ಚೀತೆ? ದೇಹವನ್ನೇ ದೇಗುಲವೆಂದು ಕಂಡವರು ಬಸವಣ್ಣನವರು. ಆ ದೇಗುಲವು ಶಿಥಿಲವಾದ ಮಾತ್ರಕ್ಕೆ ಅದರೊಳಗಣ ದೇವನು ಎದ್ದುಹೋಗುವುದಿಲ್ಲ. ಹಾಸಿಗೆ ಹಿಡಿದ ಮುದುಕಿಯ ಕೊರಳಲ್ಲಿಯೂ ಲಿಂಗವಿದೆ. ಶಿಥಿಲವಾದ ಗುಡಿಯನ್ನು ಗುಡಿಸಿ ತೊಳೆದವನ ಕೈ ಮೈಲಿಗೆಯೆಂದು ಯಾರೂ ಹೇಳರು. ಸಾಬೂನು ನೀರಿನಲ್ಲಿ ಕೈ ತೊಳೆಯಬೇಕೆಂಬುದು ಆರೋಗ್ಯದ ಮಾತು. ಅದಕ್ಕೂ ದೋಷಕ್ಕೂ ಸಂಬಂಧವಿಲ್ಲ.

ಇನ್ನು ಮೊಟಕಾದ ಪೂಜೆಯ ಮಾತು. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು, ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕಾಯಕದ ಹೊತ್ತು ಮೀರುತ್ತಿದೆಯೆಂದು ಗೋಷ್ಠಿಯ ನಡುವಿನಿಂದ ಅವನನ್ನು ಎಬ್ಬಿಸಿದವಳು ಮಡದಿ ಲಕ್ಕಮ್ಮ. ನುಲಿಯ ಚಂದಯ್ಯನ ಕಥೆ ಇನ್ನೂ ತೀವ್ರವಾದುದು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬೀಳಲು, ಆತನು ಹುಲ್ಲಿನ ಹೊರೆಯನ್ನು ಹೊತ್ತು ನಡೆದನಂತೆ. ಲಿಂಗವೇ ಆತನ ಬೆನ್ನು ಹತ್ತಿ ಬಂದಿತೆಂದು ಶೂನ್ಯಸಂಪಾದನೆ ಹೇಳುತ್ತದೆ. ಪೂಜೆ ಬೇಡವೆಂಬುದು ಈ ಕಥೆಗಳ ತಾತ್ಪರ್ಯವಲ್ಲ. ಸತ್ಯಶುದ್ಧವಾದ ಕಾಯಕವನ್ನು ನಡುವೆ ಬಿಟ್ಟು ಬಂದ ಪೂಜೆಯನ್ನು ಲಿಂಗವು ಕಾದು ಕುಳಿತಿರುವುದಿಲ್ಲವೆಂಬುದೇ ತಾತ್ಪರ್ಯ. ಕುಣಿಗಲ್ಲಿನ ಆ ತಾಯಿಗೆ ದೋಷವಿಲ್ಲವೆಂದಾಯಿತು.

"ಹೊಟ್ಟೆಪಾಡಿಗೆ ಮಾಡುವ ಕೆಲಸವಷ್ಟೆ ಕಾಯಕ, ಮನೆಯವರನ್ನು ನೋಡಿಕೊಳ್ಳುವುದು ಕಾಯಕ ಹೇಗಾದೀತು?" ಎಂದು ಕೆಲವರು ಶಂಕಿಸಬಹುದು. ಶರಣರ ಕಾಯಕಗಳನ್ನು ಎಣಿಸಿ ನೋಡಿರಿ. ಸತ್ಯಕ್ಕನು ಅಂಗಳ ಗುಡಿಸುತ್ತಿದ್ದಳು, ಕೊಟ್ಟಣದ ಸೋಮಮ್ಮನು ಭತ್ತ ಕುಟ್ಟುತ್ತಿದ್ದಳು, ಮಾಚಿದೇವರು ಬಟ್ಟೆ ಮಡಿ ಮಾಡುತ್ತಿದ್ದರು, ಸಂಗಣ್ಣನು ವೈದ್ಯ. ಗುಡಿಸುವುದು, ಕುಟ್ಟುವುದು, ಒಗೆಯುವುದು, ಮದ್ದು ಕೊಡುವುದು ಇವಿಷ್ಟೂ ಒಟ್ಟುಗೂಡಿದರೆ ರೋಗಿಯಿರುವ ಮನೆಯ ಒಂದು ಹಗಲಾಗುವುದು. ಬೇರೆ ಬೇರೆಯಾಗಿ ಮಾಡಿದಾಗ ಕಾಯಕವೆನಿಸಿದ ಕೆಲಸಗಳು, ಒಬ್ಬಳೇ ಹೆಂಗಸು ಒಂದೇ ಮನೆಯಲ್ಲಿ ಮಾಡಿದಾಗ ಕಾಯಕವಲ್ಲವೆಂಬುದು ಯಾವ ನ್ಯಾಯ?

ಲೋಕದ ಲೆಕ್ಕವಾದರೂ ಈ ನ್ಯಾಯವನ್ನೇ ಬಹುಕಾಲ ನಡೆಸಿಕೊಂಡು ಬಂದಿತು. ೨೦೦೧ರ ಜನಗಣತಿಯು ಮನೆವಾರ್ತೆ ನೋಡುವ ಹೆಂಗಸರನ್ನು ಕೆಲಸವಿಲ್ಲದವರ ಸಾಲಿನಲ್ಲಿ, ಭಿಕ್ಷುಕರು ಕೈದಿಗಳು ಮೊದಲಾದವರೊಡನೆ ಸೇರಿಸಿತ್ತು. ಇದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ಖಂಡಿಸಿತು. ಅಪಘಾತದಲ್ಲಿ ಗೃಹಿಣಿಯು ಮಡಿದಾಗ ಪರಿಹಾರವನ್ನು ನಿಗದಿಮಾಡುವಲ್ಲಿ ಅವಳ ಮನೆಗೆಲಸಕ್ಕೂ ಬೆಲೆ ಕಟ್ಟಬೇಕೆಂಬುದನ್ನು ೨೦೨೧ರಲ್ಲಿ ಮತ್ತೆ ಎತ್ತಿಹಿಡಿಯಿತು. ನಮ್ಮ ರಾಜ್ಯದಲ್ಲಿ ೨೦೨೩ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯೊಡತಿಗೆ ತಿಂಗಳಿಗೆ ೨೦೦೦ ರೂಪಾಯಿ ಸಲ್ಲಬೇಕೆಂದು ಗೊತ್ತುಮಾಡಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ೨೦೨೪ರಲ್ಲಿ ಕೇಂದ್ರ ಸರ್ಕಾರದವರು ಜನರ ದಿನಚರಿಯನ್ನು ಸಮೀಕ್ಷಿಸಿ ಪ್ರಕಟಿಸಿದ ಅಂಕಿಗಳನ್ನು ನೋಡಿರಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ೨೮೯ ನಿಮಿಷ ಕಳೆದರೆ ಗಂಡಸರು ೮೮ ನಿಮಿಷ. ಮನೆಯವರ ಆರೈಕೆಯಲ್ಲಿ ತೊಡಗುವ ಹೆಂಗಸರು ೧೩೭ ನಿಮಿಷ, ಗಂಡಸರು ೭೫ ನಿಮಿಷ. ಬೆಲೆ ಕಟ್ಟುವುದನ್ನು ನ್ಯಾಯಾಲಯ ಕಲಿಸಬಹುದು. ಪಾಲು ಹೊರುವುದನ್ನು ಕಲಿಸಬೇಕಾದುದು ಧರ್ಮ.

ಇಲ್ಲಿ ಕುಟುಂಬದ ಮಾತು ಬರುವುದು. ನಮ್ಮ ತುಮಕೂರು-ಗುಬ್ಬಿ ಪ್ರಾಂತದ ತೆಂಗು ಅಡಕೆಯ ತೋಟದ ಮನೆಗಳಲ್ಲಿ ಹಿಂದೆ ಮೂರು ನಾಲ್ಕು ಮಂದಿ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಹಿರಿಯರು ಮಲಗಿದರೆ ಸರದಿಯಂತೆ ನೋಡಲು ಜನವಿದ್ದರು. ಈಗ ಹಾಗಿಲ್ಲ. ತುಮಕೂರಿಗೂ ಬೆಂಗಳೂರಿಗೂ ಸುಮಾರು ಎಪ್ಪತ್ತು ಕಿಲೋಮೀಟರು. ಬೆಳಗಿನ ರೈಲಿಗೆ ಹೋಗಿ ರಾತ್ರಿ ಮರಳುವವರು ಎಷ್ಟೋ ಮಂದಿ, ಅಲ್ಲಿಯೇ ಮನೆ ಮಾಡಿದವರು ಇನ್ನೆಷ್ಟೋ ಮಂದಿ. ೨೦೧೭ರಲ್ಲಿ ಕುಣಿಗಲ್ಲಿನ ಮೇಲೆ ಹಾಸನಕ್ಕೆ ರೈಲು ಬಂದಿತು. ವಸಂತನರಸಾಪುರದಲ್ಲಿ ಕಾರ್ಖಾನೆಗಳು ಬೆಳೆದಿವೆ. ೨೦೨೩ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿಯೇ ಹೆಲಿಕಾಪ್ಟರಿನ ಕಾರ್ಖಾನೆ ಆರಂಭವಾಯಿತು. ಮಗನಂತೆ ಸೊಸೆಯೂ ದುಡಿಯಲು ಹೋಗುತ್ತಾಳೆ; ಕಾಯಕವನ್ನು ಹೆಣ್ಣುಗಂಡೆಂದು ಬೇರ್ಪಡಿಸದ ಶರಣರ ಮಕ್ಕಳಾದ ನಾವು ಅದಕ್ಕೆ ಸಂತೋಷಪಡತಕ್ಕದ್ದು. ಹೀಗಿರಲು ಒಳಮನೆಯ ಹಾಸಿಗೆಯ ಬಳಿ ಕೂರುವವರು ಯಾರು?

ಹಳೆಯ ಅವಿಭಕ್ತ ಕುಟುಂಬವನ್ನು ನೆನೆದು ಹಲುಬುವವರು ನಮ್ಮಲ್ಲಿ ಬಹಳ. ಆದರೆ ಅಲ್ಲಿ ಸೇವೆ ಮಾಡಿದವರು ಯಾರೆಂದು ನೆನೆಯಬೇಡವೆ? ಸೊಸೆಯಂದಿರು, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಸೋದರತ್ತೆ, ಮದುವೆಯಾಗದ ಮಗಳು. ಅಣ್ಣತಮ್ಮಂದಿರು ಜಗಲಿಯಲ್ಲಿ ಕುಳಿತು, "ನಮ್ಮ ಮನೆಯಲ್ಲಿ ಹಿರಿಯರಿಗೆ ಯಾವ ಕೊರತೆಯೂ ಇಲ್ಲ" ಎನ್ನುತ್ತಿದ್ದರು. ಕುಟುಂಬವು ಒಡೆದುದರಿಂದ ಸೇವೆಯ ಭಾರ ಹೊಸದಾಗಿ ಹುಟ್ಟಲಿಲ್ಲ. ಹಲವು ಹೆಂಗಸರ ನಡುವೆ ಹಂಚಿಹೋಗಿ ಕಾಣದಿದ್ದ ಭಾರವು ಒಬ್ಬಳ ಮೇಲೆ ಬಿದ್ದು ಈಗ ಕಾಣುತ್ತಿದೆ. ಆಸ್ತಿಯ ವಿಭಾಗಪತ್ರವನ್ನು ಬರೆಸುವಾಗ ತೆಂಗಿನ ಮರಗಳನ್ನು ಒಂದೊಂದಾಗಿ ಎಣಿಸುತ್ತೇವೆ. ತಾಯಿಯನ್ನು ಮಾತ್ರ, ತಿಂಗಳಿಗೊಬ್ಬರ ಮನೆಯೆಂದು ಬಾಯಿಮಾತಿನಲ್ಲಿ ಮುಗಿಸುತ್ತೇವೆ. ಆ ತಿಂಗಳಿನಲ್ಲಿ ರಾತ್ರಿ ಏಳುವವಳು ಯಾರೆಂಬುದು ಯಾವ ಪತ್ರದಲ್ಲಿಯೂ ಇರುವುದಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ತನ್ನ ಲಿಂಗಪೂಜೆಯನ್ನು ತಾನೇ ಮಾಡಬೇಕು, ಪರರ ಕೈಯಿಂದ ಮಾಡಿಸಲಾಗದು ಎಂಬುದು ಬಸವಣ್ಣನವರ ಖಚಿತವಾದ ಬೋಧೆ. ಭಕ್ತನಿಗೂ ದೇವನಿಗೂ ನಡುವೆ ಪೂಜಾರಿಯಿಲ್ಲವೆಂಬುದೇ ಲಿಂಗವಂತರ ಹೆಗ್ಗಳಿಕೆ. ಅದಕ್ಕಾಗಿಯೇ ಲಿಂಗವು ಗುಡಿಯಿಂದ ಅಂಗೈಗೆ ಬಂದಿತು. ಈ ಬೋಧೆಯನ್ನು ಪೂಜೆಯ ಮಟ್ಟಿಗೆ ಒಪ್ಪಿ, ಹೆತ್ತವರ ಸೇವೆಯ ಮಟ್ಟಿಗೆ ಮರೆತಿರುವೆವಲ್ಲವೆ? "ನಮ್ಮ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ" ಎಂದು ಮಗನು ಹೇಳುವಾಗ, ನೋಡಿಕೊಳ್ಳುತ್ತಿರುವವಳು ಆತನ ಮಡದಿ. ಇದು ಪರಹಸ್ತದ ಪೂಜೆಯಲ್ಲದೆ ಮತ್ತೇನು? ಮಡದಿಯನ್ನು ನಡುವೆ ಪೂಜಾರಿಣಿಯನ್ನಾಗಿ ನಿಲ್ಲಿಸಿ, ಪುಣ್ಯವನ್ನು ಮಾತ್ರ ತನ್ನ ಹೆಸರಿಗೆ ಬರೆಸಿಕೊಂಡಂತಾಯಿತು. ಅವಳನ್ನು ದೇವತೆಯೆಂದು, ತಾಯಿಯ ಸಮಾನಳೆಂದು ಹೊಗಳಿಬಿಟ್ಟರೆ ಋಣ ತೀರಿತೆಂದು ನಾವು ಬಗೆಯುತ್ತೇವೆ. ಹೊಗಳಿಕೆಯಿಂದ ರಾತ್ರಿಯ ನಿದ್ರೆ ತುಂಬಿಬಾರದು.

ಸ್ವಾರಸ್ಯವೆಂದರೆ ದೇಶದ ಕಾನೂನೂ ಇದನ್ನೇ ಹೇಳುತ್ತದೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಆದ ಕಾಯ್ದೆಯು ಹೊಣೆಗಾರರಾದ ಮಕ್ಕಳೆಂದರೆ ಯಾರೆಂದು ವಿವರಿಸುವಾಗ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ಹೆಸರಿಸಿತು. ಸೊಸೆಯ ಹೆಸರನ್ನು ಹೇಳಲಿಲ್ಲ. ಲೋಕಾಚಾರವು ಎಲ್ಲವನ್ನೂ ಸೊಸೆಯ ತಲೆಗೆ ಕಟ್ಟಿದರೆ, ಕಾಯ್ದೆಯು ಹೆತ್ತ ಮಕ್ಕಳ ಕಡೆಗೆ ಬೆರಳು ತೋರಿತು. ನೋಡದ ಮಕ್ಕಳಿಂದ ತಿಂಗಳಿಗೆ ೧೦,೦೦೦ ರೂಪಾಯಿಯವರೆಗೆ ಪೋಷಣೆಯ ಹಣವನ್ನು ಕೊಡಿಸುವ ಅವಕಾಶವನ್ನು ಅದು ಕಲ್ಪಿಸಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ಮಾತು ತಪ್ಪಿದರೆ ಆ ಪತ್ರವನ್ನೇ ರದ್ದುಪಡಿಸುವ ದಾರಿಯನ್ನೂ ಇರಿಸಿತು. ಕಾಯ್ದೆಯು ಹಣವನ್ನು ಕೊಡಿಸಬಲ್ಲುದು. ಹಣೆಯ ಮೇಲೆ ಇಡುವ ಕೈಯನ್ನು ಕೊಡಿಸುವುದು ಅದರಿಂದಾಗದು.

ಇದಕ್ಕೆ ಮೂರು ಪೂರ್ವಪಕ್ಷಗಳುಂಟು. ಗಳಿಸುವುದು ಗಂಡಸಿನ ಕಾಯಕ, ಆದುದರಿಂದ ಅವನ ಪಾಲು ಸಂದಿತು ಎಂಬುದು ಮೊದಲನೆಯದು. ಗಳಿಕೆ ಕಾಯಕವೇ ಅಹುದು. ಆದರೆ ಕಾಯಕವನ್ನು ಮಾಡಿದವನು ಪೂಜೆಯನ್ನು ಬಿಡಬಹುದೆಂದು ಈ ವಾದಿಯೇ ಒಪ್ಪುವುದಿಲ್ಲ. ಪೂಜೆಗೆ ಒಂದು ಗಂಟೆ ಎತ್ತಿಡುವವನಿಗೆ ತಾಯಿಗೆ ಅರ್ಧ ಗಂಟೆ ಇಲ್ಲವೆಂದರೆ ನಂಬುವುದು ಕಷ್ಟ.

ದೂರದಲ್ಲಿರುವವರು ಏನು ಮಾಡಬೇಕು, ಸಂಬಳ ಕೊಟ್ಟು ದಾದಿಯರನ್ನು ಇರಿಸಬಾರದೆ ಎಂಬುದು ಎರಡನೆಯದು. ಇರಿಸಬಹುದು, ಇರಿಸಬೇಕು. ಪೂಜೆಗೆ ಅಗ್ಘವಣಿಯನ್ನು ಇನ್ನೊಬ್ಬರು ತಂದರೆ, ಪತ್ರೆಯನ್ನು ಇನ್ನೊಬ್ಬರು ಕೊಯ್ದರೆ ತಪ್ಪಿಲ್ಲ. ಅಂಗೈ ಮಾತ್ರ ತನ್ನದಿರಬೇಕು. ಸಂಬಳಕ್ಕೆ ಬಂದ ದಾದಿಯದು ಅಪ್ಪಟ ಕಾಯಕ. ಆಕೆಯು ತನ್ನ ಊರಿನಲ್ಲಿ ತನ್ನ ಹಿರಿಯರನ್ನು ಬಿಟ್ಟು ನಮ್ಮ ಹಿರಿಯರ ಬಳಿಗೆ ಬಂದಿರಬಹುದೆಂಬುದನ್ನು ನೆನೆದು, ಆಕೆಯ ಕೂಲಿಯನ್ನು ಹೊತ್ತಿಗೆ ಸಲ್ಲಿಸಿ, ಆಕೆಗೆ ಬಿಡುವಿನ ದಿನವನ್ನು ಕೊಟ್ಟು, ನಾವುಂಬ ಪಂಕ್ತಿಯಲ್ಲಿಯೇ ಆಕೆಗೂ ಬಡಿಸತಕ್ಕದ್ದು. ದೂರದ ಮಕ್ಕಳು ಭಾನುವಾರ ಬಂದಾಗ ಹೋಳಿಗೆಯೂಟಕ್ಕೆ ಕುಳಿತು ಹೋಗದೆ, ಅಂದಿನ ಮಟ್ಟಿಗಾದರೂ ತಂದೆಯ ಸ್ನಾನವನ್ನು ತಾವು ಮಾಡಿಸಲಿ. ಮನೆಯಲ್ಲಿರುವವರು ಒಂದು ರಾತ್ರಿ ನಿದ್ರಿಸಲಿ.

ಗಂಡುಮಗನು ತಾಯಿಯ ಮೈ ಮುಟ್ಟಿ ಸೇವೆ ಮಾಡುವುದು ಮರ್ಯಾದೆಯೆ ಎಂಬುದು ಮೂರನೆಯದು. ಇದಕ್ಕೆ ಸಮಾಧಾನವನ್ನು ನನ್ನ ಬದುಕಿನಿಂದಲೇ ಹೇಳಬೇಕಾಗಿದೆ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ.

ನನ್ನ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹದಿನಾಲ್ಕು ತಿಂಗಳು ಹಾಸಿಗೆಯಲ್ಲಿದ್ದರು. ಆ ಹದಿನಾಲ್ಕು ತಿಂಗಳೂ ನಾನು ಮಠದ ಶಾಲೆಯಲ್ಲಿ ಮಕ್ಕಳಿಗೆ ದಾಸೋಹತತ್ತ್ವವನ್ನು ಬೋಧಿಸುತ್ತಿದ್ದೆನು. ಮನೆಯಲ್ಲಿ ದಾಸೋಹವನ್ನು ನಡೆಸುತ್ತಿದ್ದವಳು ನನ್ನ ಮಡದಿ. ನಾನು ಸಂಜೆ ಹಾಸಿಗೆಯ ಪಕ್ಕದಲ್ಲಿ ನಿಂತು, "ಹೇಗಿದ್ದೀಯವ್ವ?" ಎಂದು ಕೇಳಿ, ಒಳಗೆ ಹೋಗುವ ಮಗ. ಹತ್ತನೆಯ ತಿಂಗಳಿನಲ್ಲಿ ಮಡದಿಗೆ ಶಸ್ತ್ರಚಿಕಿತ್ಸೆಯಾಗಿ ಎಂಟು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಮೊದಲ ದಿನ ನೆರೆಮನೆಯ ಹೆಣ್ಣುಮಗಳನ್ನು ಕರೆದೆನು. ಎರಡನೆಯ ದಿನ ಆಕೆ ಬರಲಾಗಲಿಲ್ಲ. ಬೆಡ್‌ಪ್ಯಾನನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ಕಂಡು ತಾಯಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. "ನೀನ್ಯಾಕಪ್ಪ, ಅವಳು ಬರಲಿ" ಎಂದರು. ಅವರ ಸಂಕೋಚ ನಿಜವಾದುದು. ನನ್ನ ಸಂಕೋಚದೊಳಗೆ ಅಸಹ್ಯವೂ ಇತ್ತು. ಅದಕ್ಕೆ ಮರ್ಯಾದೆಯೆಂದು ನಾನು ಹೆಸರಿಟ್ಟುಕೊಂಡಿದ್ದೆನು.

ಮೇಲೊಂದು ದುಪ್ಪಟಿ ಹೊದಿಸಿ ಅವರ ಮಾನವನ್ನು ಕಾಯುತ್ತಲೇ ಎಲ್ಲವನ್ನೂ ಮಾಡಬಹುದೆಂದು ಮೂರನೆಯ ದಿನಕ್ಕೆ ಕಲಿತೆನು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವುದೆಂದೂ, ಗಂಜಿಯನ್ನು ತಲೆಯೆತ್ತಿಸಿ ಗುಟುಕು ಗುಟುಕಾಗಿ ಕೊಡದಿದ್ದರೆ ನೆತ್ತಿಗೇರುವುದೆಂದೂ ಆಸ್ಪತ್ರೆಯ ಹಾಸಿಗೆಯಿಂದ ಮಡದಿಯೇ ಫೋನಿನಲ್ಲಿ ಹೇಳಿಕೊಡಬೇಕಾಯಿತು. ಎರಡು ಗಂಟೆಗೊಮ್ಮೆ ಎಂದರೆ ರಾತ್ರಿಯಲ್ಲಿಯೂ ಎರಡು ಗಂಟೆಗೊಮ್ಮೆ! ಹತ್ತು ತಿಂಗಳು ಅವಳು ಹೀಗೆ ಎದ್ದಿದ್ದಳೆಂಬುದು ಒಂದೇ ಮನೆಯಲ್ಲಿ ಮಲಗಿದ್ದ ನನಗೆ ಅಂದಿಗೆ ತಿಳಿಯಿತು.

ನಾಲ್ಕನೆಯ ಬೆಳಿಗ್ಗೆ ತಾಯಿ ಲಿಂಗಪೂಜೆ ಮಾಡಬೇಕೆಂದರು. ಎಡಗೈ ನಡುಗುತ್ತಿತ್ತು, ಲಿಂಗ ನಿಲ್ಲದು. ಅವರ ಅಂಗೈಯ ಕೆಳಗೆ ನನ್ನ ಅಂಗೈಯನ್ನು ಇಟ್ಟು ಹಿಡಿದೆನು. ಅವರು ವಿಭೂತಿ ಧರಿಸಿ, ಪತ್ರೆಯಿಟ್ಟು ಪೂಜಿಸಿದರು. ಪೂಜೆ ಅವರದೇ, ಆಸರೆ ಮಾತ್ರ ನನ್ನದು. ಅಂದು ನಾನು ಪ್ರತ್ಯೇಕವಾಗಿ ಪೂಜೆಗೆ ಕುಳಿತುದು ಬಹಳ ತಡವಾಗಿ. ಮೂವತ್ತು ವರ್ಷಗಳ ಪೂಜೆಯಲ್ಲಿ ಕಾಣದಿದ್ದುದೇನನ್ನೋ ಕಂಡೆನೆಂದು ಹೇಳಿಕೊಳ್ಳಲಾರೆನು. ಆದರೆ ಆ ಕೈಯ ನಡುಕವು ಇಂದಿಗೂ ನನ್ನ ಅಂಗೈಯಲ್ಲಿದೆ.

ಶುಶ್ರೂಷಾ ಎಂಬ ಸಂಸ್ಕೃತ ಶಬ್ದವನ್ನು ತರಗತಿಯಲ್ಲಿ ಬಹುಸಲ ಬಿಡಿಸಿ ಹೇಳಿದ್ದೆನು. ಅದರ ಮೂಲಾರ್ಥವು ಕೇಳಬೇಕೆಂಬ ಇಚ್ಛೆ. ಸೇವೆಯೆಂಬುದು ಬಳಿಕ ಬಂದ ಅರ್ಥ. ನಮ್ಮ ಕನ್ನಡದ ಆರೈಕೆಯೂ ಆರಯ್ ಎಂಬ ಹಳೆಯ ಧಾತುವಿನಿಂದ ಬಂದುದು. ವಿಚಾರಿಸು, ಅರಸಿ ನೋಡು ಎಂದು ಅದರರ್ಥ. ಒಂದು ಭಾಷೆ ಕೇಳು ಎನ್ನುತ್ತದೆ, ಇನ್ನೊಂದು ನೋಡು ಎನ್ನುತ್ತದೆ. ಒಗೆಯುವುದನ್ನೂ ಬೇಯಿಸುವುದನ್ನೂ ಇನ್ನೊಬ್ಬರಿಂದ ಮಾಡಿಸಬಹುದು. ಹೆತ್ತವರ ಮಾತನ್ನು ನಮ್ಮ ಪರವಾಗಿ ಇನ್ನೊಬ್ಬರು ಕೇಳಲಾರರು, ಅವರ ಮೈಯ ನೋವನ್ನು ನಮ್ಮ ಪರವಾಗಿ ಇನ್ನೊಬ್ಬರು ನೋಡಲಾರರು. ಆ ಎಂಟು ದಿನಗಳಲ್ಲಿ ಈ ವ್ಯುತ್ಪತ್ತಿಗಳು ನನಗೆ ಅರ್ಥವಾದುವು.

ಸೇವೆಯನ್ನು ಪಡೆಯುವ ಹಿರಿಯರಿಗೂ ಒಂದು ಮಾತು. ಕೊಡುವುದು ದಾಸೋಹವಾದರೆ ಪಡೆಯುವುದು ಪ್ರಸಾದ. ಪ್ರಸಾದವನ್ನು ಯಾರೂ ಗದರಿಸಿ ಕೇಳುವುದಿಲ್ಲ, ಅದರ ರುಚಿಯನ್ನು ದೂರುವುದಿಲ್ಲ. ಪರರಿಂದ ಪಡೆಯುವುದು ಹೀನವೆಂದು ಕೊರಗುವ ಕಾರಣವೂ ಇಲ್ಲ. ಕಗ್ಗೆರೆಯ ತೋಟದಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ತಪಸ್ಸಿಗೆ ಕುಳಿತಿರಲು ಸುತ್ತಲೂ ಹುತ್ತ ಬೆಳೆಯಿತೆಂದೂ, ಹಸುವೊಂದು ಬಂದು ಅದರ ಮೇಲೆ ಹಾಲು ಕರೆಯುತ್ತಿತ್ತೆಂದೂ ನಮ್ಮ ಸೀಮೆಯ ಐತಿಹ್ಯವಿದೆ. ಅಂತಹ ಯೋಗಿಗೂ ಹಾಲೆರೆದ ಜೀವವೊಂದು ಇದ್ದಿತು. ೧೯೪೧ರಲ್ಲಿ ಸಿದ್ಧಗಂಗಾ ಮಠದ ಭಾರವನ್ನು ಹೊತ್ತು, ತಲೆಮಾರುಗಳ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರ ಜನವರಿ ೨೧ರಂದು, ೧೧೧ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಲಕ್ಷಾಂತರ ಕೈಗಳಿಗೆ ಅನ್ನವಿತ್ತ ಆ ಕೈಯನ್ನೂ ಕಡೆಯ ದಿನಗಳಲ್ಲಿ ಹಿಡಿದು ನಡೆಸುವವರು ಬೇಕಾದರು. ಇದು ದೇಹದ ಧರ್ಮ, ಇದರಲ್ಲಿ ಕುಂದಿಲ್ಲ.

ಸೇವೆ ಮಾಡುವವರೂ ತಮ್ಮ ಶಕ್ತಿಯ ಮಿತಿಯನ್ನು ಅರಿಯಬೇಕು. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿ ತಂದ ದಿನ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳಷ್ಟೆ. ಅಳತೆಗೆ ಮೀರಿ ತರುವುದು ಹೇಗೆ ಕಾಯಕವಲ್ಲವೋ ಅಳತೆಗೆ ಮೀರಿ ಹೊರುವುದೂ, ಒಬ್ಬರ ಮೇಲೆ ಹೊರಿಸುವುದೂ ಹಾಗೆಯೇ ಕಾಯಕವಲ್ಲ. "ನನ್ನಿಂದ ಒಬ್ಬಳಿಂದಾಗದು, ನೀವೂ ಬನ್ನಿ" ಎಂದು ಕರೆಯುವ ಸೊಸೆಯು ಭಕ್ತಿಹೀನಳಲ್ಲ. ಅವಳು ಗೋಷ್ಠಿಯಿಂದ ಗಂಡನನ್ನು ಎಬ್ಬಿಸಿದ ಲಕ್ಕಮ್ಮನ ಸಾಲಿನವಳು.

ಕುಣಿಗಲ್ ಸೀಮೆಯ ಆ ತಾಯಿಗೆ ಅಂದು ನಾನು ಅರ್ಧ ಉತ್ತರವನ್ನಷ್ಟೇ ಕೊಟ್ಟು ಬಂದೆನು. ಅವರ ಯಜಮಾನರು ಅಲ್ಲಿಯೇ, ಪ್ರಸಾದದ ಪಂಕ್ತಿಯಲ್ಲಿ ಬಡಿಸುತ್ತಿದ್ದರು. ಬಹಳ ಸಜ್ಜನರು, ಊರಿನ ಯಾವ ಧರ್ಮಕಾರ್ಯಕ್ಕೂ ಮುಂದಾಗುವವರು. ಅವರಿಗೆ ಮುಖತಃ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಈ ಪತ್ರಿಕೆಯ ಚಂದಾದಾರರೆಂದು ಆಮೇಲೆ ಕೇಳಿ ತಿಳಿದೆನು.

ಅಯ್ಯಾ, ತಮ್ಮ ತಪ್ಪನ್ನು ಎತ್ತಿ ಆಡಲು ನಾನು ಯೋಗ್ಯನಲ್ಲ. ನನ್ನ ತಪ್ಪು ತಮ್ಮದಕ್ಕಿಂತ ದೊಡ್ಡದು. ತಮ್ಮ ತಾಯಿ ಇನ್ನೂ ಇದ್ದಾರೆ, ನನ್ನ ತಾಯಿ ಇಲ್ಲ. ನಮ್ಮಿಬ್ಬರಿಗಿರುವ ಅಂತರ ಅಷ್ಟೇ. ನಾಳೆ ಬೆಳಿಗ್ಗೆ ಪೂಜೆಗೆ ಕೂರುವ ಮುನ್ನ ಒಳಮನೆಗೆ ಹೋಗಿರಿ. ಆ ಗಂಜಿಯ ಬಟ್ಟಲನ್ನು ತಮ್ಮ ಕೈಗೆ ತೆಗೆದುಕೊಳ್ಳಿರಿ. ಆ ಹೊತ್ತಿನಲ್ಲಿ ಮನೆಯವರು ನೆಮ್ಮದಿಯಾಗಿ ಕುಳಿತು ತಮ್ಮ ಲಿಂಗಪೂಜೆಯನ್ನು ಮುಗಿಸಿಕೊಳ್ಳಲಿ. ಬಳಿಕ ತಾವು ಕುಳಿತಾಗ ಪೂಜೆಯು ಕೊಂಚ ತಡವಾದೀತು, ಕಿರಿದಾಗದು.